ಕೇಳಿಸಿ ಮಾರುತ್ತಿದ್ದವರು

ಶಾಸ್ತ್ರೀಯ ಸಂಗೀತದ ರೆಕಾರ್ಡು ಅಂಗಡಿಗಳು ಜಗತ್ತಿನ ದೊಡ್ಡ ಊರುಗಳಲ್ಲಿ ಒಂದೊಂದಾಗಿ ಬಾಗಿಲು ಹಾಕಿದವು. ಬೆರಳೆಣಿಕೆಯಷ್ಟು ಮಾತ್ರ ಉಳಿದುಕೊಂಡಿವೆ. ಹೋದವರು ಯಾಕೆ ಹೋದರು, ಉಳಿದವರು ಹೇಗೆ ಉಳಿದರು?

ಮುಂಬೈನ ಕಾಲಾ ಘೋಡಾದಲ್ಲಿ, ಜಹಾಂಗೀರ್ ಆರ್ಟ್ ಗ್ಯಾಲರಿಯ ಎದುರಿನ ಮೂಲೆಯಲ್ಲಿ ‘ರಿದಮ್ ಹೌಸ್’ ಇತ್ತು. 1940ರ ದಶಕದಲ್ಲಿ ಶುರುವಾದ ಅಂಗಡಿ. ಹಿಂದಿ ಸಿನಿಮಾ ಹಾಡು, ಜಾಝ್, ರಾಕ್, ಬೀಥೋವನ್, ಹಿಂದೂಸ್ತಾನಿ ಖಯಾಲ್ ಎಲ್ಲವೂ ಅಲ್ಲಿ ಸಿಗುತ್ತಿದ್ದವು. ಕೊಳ್ಳುವ ಮೊದಲು ಕೇಳಿ ನೋಡಲು ಪುಟ್ಟ ಕೋಣೆಗಳಿದ್ದವು. ಊರಿನಲ್ಲಿ ನಡೆಯುವ ಕಛೇರಿ, ನಾಟಕಗಳ ಟಿಕೆಟ್ಟುಗಳನ್ನೂ ಅಲ್ಲೇ ಕೊಳ್ಳಬಹುದಿತ್ತು. 2016ರ ಫೆಬ್ರವರಿಯ ಹೊತ್ತಿಗೆ ಅದು ವ್ಯಾಪಾರ ನಿಲ್ಲಿಸಿತು. ಆಮೇಲೆ ಕಟ್ಟಡ ವಜ್ರದ ವ್ಯಾಪಾರಿ ನೀರವ್ ಮೋದಿಯ ಕಂಪನಿಯ ಕೈ ಸೇರಿತು, ಬ್ಯಾಂಕ್ ವಂಚನೆಯ ಪ್ರಕರಣದಲ್ಲಿ ಜಾರಿ ನಿರ್ದೇಶನಾಲಯ ಅದನ್ನು ಮುಟ್ಟುಗೋಲು ಹಾಕಿಕೊಂಡಿತು. 2024ರಲ್ಲಿ ನಟಿ ಸೋನಂ ಕಪೂರ್ ಕುಟುಂಬದ ಕಂಪನಿ ಸುಮಾರು 47.8 ಕೋಟಿ ರೂಪಾಯಿಗೆ ಅದನ್ನು ಕೊಂಡಿತು.

ಆ ಕೋಟಿಗಳಲ್ಲಿ ಸಂಗೀತದ ಪಾಲು ಒಂದು ಪೈಸೆಯೂ ಇಲ್ಲ, ಅಷ್ಟೂ ಮೂಲೆಯ ಬೆಲೆ. ರೆಕಾರ್ಡು ಅಂಗಡಿಗಳ ಪತನದ ಕತೆಯನ್ನು ಎಲ್ಲರೂ ಇಂಟರ್ನೆಟ್ಟಿನಿಂದ ಶುರು ಮಾಡುತ್ತಾರೆ. ಆದರೆ ಶಾಸ್ತ್ರೀಯ ಸಂಗೀತ ಮಾರುವವರ ತಾಪತ್ರಯ ಅದಕ್ಕಿಂತ ಹಳೆಯದು. ಸಿನಿಮಾ ಹಾಡಿನ ಮಾಲು ಬಿಡುಗಡೆಯಾದ ವಾರದಲ್ಲೇ ಖಾಲಿಯಾಗುತ್ತದೆ. ಮಲ್ಲಿಕಾರ್ಜುನ ಮನ್ಸೂರರು ಹಾಡಿದ ಅಪರೂಪದ ಜೋಡುರಾಗವೊಂದು ಕಪಾಟಿನಲ್ಲಿ ವರ್ಷಗಟ್ಟಲೆ ಕಾಯುತ್ತದೆ. ಅದನ್ನು ಹುಡುಕಿಕೊಂಡು ಬಂದ ಗಿರಾಕಿಗೆ ಅದೇ ಬೇಕು, ಬದಲಿಗೆ ಇನ್ನೊಂದನ್ನು ತೋರಿಸಿದರೆ ಆತ ಎದ್ದು ಹೋಗುತ್ತಾನೆ. ಹಾಗಾಗಿ ಅಂಗಡಿಯವರು ನಿಧಾನಕ್ಕೆ ಖರ್ಚಾಗುವ ಮಾಲನ್ನೇ ರಾಶಿ ಹಾಕಿಕೊಂಡು ಕೂರಬೇಕು. ಬಾಡಿಗೆ ಮಾತ್ರ ತಿಂಗಳ ಮೊದಲ ತಾರೀಖಿಗೆ ಬಂದು ನಿಲ್ಲುತ್ತದೆ.

ಕೊಳ್ಳದೆಯೂ ಕೇಳಬಹುದಿತ್ತು

ಈ ವ್ಯಾಪಾರ ನಮ್ಮಲ್ಲಿ ಬೇರೂರಿದ್ದು ಹೇಗೆ ಎಂಬುದನ್ನು ನೋಡಿದರೆ ಅಂಗಡಿಯ ನಿಜವಾದ ಕೆಲಸ ಏನಾಗಿತ್ತೆಂದು ಗೊತ್ತಾಗುತ್ತದೆ. ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ 1902ರಲ್ಲಿ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಗಾಯನವನ್ನು ಧ್ವನಿಮುದ್ರಿಸಿದ. ತಟ್ಟೆಗಳ ಅಚ್ಚು ಆಗ ಜರ್ಮನಿಯ ಹ್ಯಾನೋವರ್‌ನಲ್ಲಿ ಆಗಬೇಕಿತ್ತು. ಅಲ್ಲಿನ ಕೆಲಸಗಾರರಿಗೆ ಯಾರ ಹಾಡೆಂದು ತಿಳಿಯಲಿ ಎಂದು ಗೌಹರ್ ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ತಾವೇ ಕೂಗಿ ಹೇಳುತ್ತಿದ್ದರು. 1908ರ ಹೊತ್ತಿಗೆ ಕಲ್ಕತ್ತೆಯ ಸಿಯಾಲ್ದಾದಲ್ಲೇ ಕಾರ್ಖಾನೆ ಬಂತು. ತಟ್ಟೆಗೆ ಬೇಕಾದ ಅರಗು ಹೇಗೂ ಈ ದೇಶದ್ದೇ. 

ನಿಮಿಷಕ್ಕೆ 78 ಸುತ್ತು ತಿರುಗುವ ಆ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಸುತ್ತಿದ್ದುದು ಮೂರು, ಮೂರೂವರೆ ನಿಮಿಷ. ಗಂಟೆಗಟ್ಟಲೆ ಹಾಡುವ ಉಸ್ತಾದರು ಅಷ್ಟರಲ್ಲೇ ರಾಗದ ಮುಖ ಕಾಣಿಸಬೇಕಿತ್ತು. ತಟ್ಟೆ, ಗ್ರಾಮಫೋನ್ ಪೆಟ್ಟಿಗೆ ಎರಡೂ ಎಲ್ಲರ ಕೈಗೆಟಕುವ ವಸ್ತುಗಳಲ್ಲ. ಆದರೆ ಕೇಳುವುದಕ್ಕೆ ದುಡ್ಡು ಬೇಕಿರಲಿಲ್ಲ. 1930ರ ದಶಕದ ಆರಂಭದಲ್ಲಿ ಗದಗಿನ ಹುಡುಗನೊಬ್ಬ ಅಂಗಡಿಯೊಂದರಿಂದ ತೇಲಿಬಂದ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿಗೆ ಮನಸೋತ ಕತೆ ಕನ್ನಡಿಗರಿಗೆಲ್ಲ ಗೊತ್ತು. ಹನ್ನೊಂದನೆಯ ವಯಸ್ಸಿಗೆ, 1933ರಲ್ಲಿ, ಗುರುವನ್ನು ಹುಡುಕಿ ಮನೆ ಬಿಟ್ಟ ಆ ಹುಡುಗ ಭೀಮಸೇನ ಜೋಶಿ. ಕೊನೆಗೆ ಅವರು ಕುಂದಗೋಳದಲ್ಲಿ ಕರೀಂ ಖಾನರ ಶಿಷ್ಯರಾದ ಸವಾಯಿ ಗಂಧರ್ವರ ಬಳಿ ನಿಂತರು. ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಆ ಹುಡುಗನ ಹೆಸರು ಇದ್ದಿರಲಾರದು. ಆದರೂ ಆ ಠುಮ್ರಿ ತಲುಪಬೇಕಾದಲ್ಲಿಗೆ ತಲುಪಿತು.

ತಟ್ಟೆ ಮಾರುವವರಿಗೆ ಜನ ಏನು ಕೇಳುತ್ತಾರೆ ಎಂಬ ಅಂದಾಜು ಹಾಡಿಸುವವರಿಗಿಂತ ಚೆನ್ನಾಗಿರುತ್ತಿತ್ತು. ಎ.ವಿ. ಮೇಯಪ್ಪನ್ ಕಾರೈಕುಡಿಯಲ್ಲಿ ಗ್ರಾಮಫೋನ್ ತಟ್ಟೆ ಮಾರುತ್ತಿದ್ದವರು. ಮದರಾಸಿಗೆ ಬಂದು ಪಾಲುದಾರರ ಜೊತೆ ಮೌಂಟ್ ರೋಡಿನಲ್ಲಿ ಸರಸ್ವತಿ ಸ್ಟೋರ್ಸ್ ನಡೆಸಿದರು, ಓಡಿಯನ್ ಕಂಪನಿಗಾಗಿ ಹಾಡು ಧ್ವನಿಮುದ್ರಿಸಿ ಮಾರಿದರು. ಮುಂದೆ ಅವರು ಕಟ್ಟಿದ್ದೇ ಎವಿಎಂ ಸ್ಟುಡಿಯೊ. ದಕ್ಷಿಣ ಭಾರತದ ಒಂದು ದೊಡ್ಡ ಚಿತ್ರಸಂಸ್ಥೆಯ ಮೂಲ ಒಂದು ತಟ್ಟೆ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿದೆ.

ಗಲ್ಲೆಯ ಹಿಂದಿನ ಕಿವಿ

ಎಲ್‌ಪಿ ಬಂದದ್ದು ಅಮೆರಿಕದಲ್ಲಿ 1948ರಲ್ಲಿ. ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷದ ಮೇಲೆ ಸಿಕ್ಕಿತು, ರಾಗಕ್ಕೆ ಉಸಿರಾಡಲು ಜಾಗ ಆಯಿತು. 1955ರಲ್ಲಿ ಅಲಿ ಅಕ್ಬರ್ ಖಾನರ ಎಲ್‌ಪಿ ಅಮೆರಿಕದಲ್ಲಿ ಬಿಡುಗಡೆಯಾದಾಗ, ಕೇಳುವವರಿಗೆ ದಾರಿ ತೋರಿಸಲೆಂದು ಪಿಟೀಲು ವಾದಕ ಯೆಹೂದಿ ಮೆನುಹಿನ್ ಅದರಲ್ಲಿ ಪರಿಚಯದ ಮಾತಾಡಿದ್ದರು. ಹೊದಿಕೆಯ ಬೆನ್ನಿನಲ್ಲಿ ರಾಗ, ತಾಳ, ಸಾಥಿದಾರರ ಹೆಸರು, ಒಂದು ಪುಟ್ಟ ಟಿಪ್ಪಣಿ ಇರುತ್ತಿದ್ದವು. ತಬಲಾ ಯಾರದು, ಹಾರ್ಮೋನಿಯಂ ಯಾರದು ಎಂದು ನೋಡಿಯೇ ರೆಕಾರ್ಡು ಆರಿಸುವವರಿದ್ದರು.

ಹೊದಿಕೆ ಹೇಳದಿದ್ದುದನ್ನು ಅಂಗಡಿಯವರು ಹೇಳುತ್ತಿದ್ದರು. ಶಾಸ್ತ್ರೀಯ ಸಂಗೀತದಲ್ಲಿ ಒಂದೇ ಕೃತಿಗೆ ಹತ್ತಾರು ರೂಪಗಳಿರುತ್ತವೆ. ಬೀಥೋವನ್ನನ ಐದನೇ ಸಿಂಫನಿ ಬೇಕೆಂದರೆ ಯಾರು ನಡೆಸಿದ್ದು, ಯಾವ ವಾದ್ಯವೃಂದ, ಯಾವ ವರ್ಷ ಎಂಬ ಪ್ರಶ್ನೆಗಳು ಏಳುತ್ತವೆ. ದರ್ಬಾರಿ ಬೇಕೆಂದರೆ ಯಾವ ಘರಾಣೆಯವರದು, ಸ್ಟುಡಿಯೊದಲ್ಲಿ ಹಾಡಿದ್ದೋ ಬೈಠಕ್ಕಿನದೋ ಎಂದು ವಿಚಾರಿಸಬೇಕಾಗುತ್ತದೆ. ಇದನ್ನೆಲ್ಲ ಬಲ್ಲವನು ಗಲ್ಲೆಯ ಹಿಂದಿದ್ದರೆ ಗಿರಾಕಿಯ ದುಡ್ಡು ವ್ಯರ್ಥವಾಗುತ್ತಿರಲಿಲ್ಲ.

ಈ ತಿಳಿವಳಿಕೆಯನ್ನೇ ಬಂಡವಾಳ ಮಾಡಿಕೊಂಡ ಅಂಗಡಿ ಲಂಡನ್ನಿನ ಇಎಂಜಿ. ಕಾಗದದ ತಿರುಳಿನಿಂದ ಮಾಡಿದ ಭಾರೀ ಕೊಂಬಿನ ಗ್ರಾಮಫೋನುಗಳನ್ನು ಕೈಯಲ್ಲೇ ತಯಾರಿಸುತ್ತಿದ್ದ ಈ ಸಂಸ್ಥೆ 1930ರ ದಶಕದಿಂದ ಗಿರಾಕಿಗಳಿಗೆ ‘ಮಂತ್ಲಿ ಲೆಟರ್’ ಎಂಬ ಪತ್ರಿಕೆ ಹೊರಡಿಸಿತು. ಹೊಸ ರೆಕಾರ್ಡುಗಳ ಗುಣದೋಷ ಎರಡನ್ನೂ ಅದರಲ್ಲಿ ಬಿಚ್ಚಿ ಹೇಳಲಾಗುತ್ತಿತ್ತು. ತಾನು ಮಾರುವ ಮಾಲನ್ನೇ ಚೆನ್ನಾಗಿಲ್ಲ ಎನ್ನುವ ಅಂಗಡಿಯ ಮಾತಿಗೆ ತೂಕ ಬಾರದೆ ಇರುತ್ತದೆಯೇ? ದೂರದೂರದ ಗಿರಾಕಿಗಳು ಆ ಪತ್ರಿಕೆ ಓದಿ ಅಂಚೆಯಲ್ಲಿ ತರಿಸಿಕೊಳ್ಳುತ್ತಿದ್ದರು.

ಸಮೃದ್ಧಿಯೇ ತಂದ ಆಪತ್ತು

ನಮ್ಮಲ್ಲಿ 1980ರ ದಶಕದಲ್ಲಿ ಕ್ಯಾಸೆಟ್ ಬಂದಾಗ ಗ್ರಾಮಫೋನ್ ಕಂಪನಿಯ ಎಚ್‌ಎಂವಿ ಲೇಬಲ್ಲಿನ ಏಕಸ್ವಾಮ್ಯ ಮುರಿಯಿತು. ಟಿ-ಸೀರೀಸ್ ಅಗ್ಗದ ಬೆಲೆಗೆ ಮಾರುಕಟ್ಟೆ ತುಂಬಿತು, ಊರೂರಿಗೆ ಚಿಕ್ಕ ಕಂಪನಿಗಳು ಹುಟ್ಟಿದವು. ಕರ್ನಾಟಕ ಸಂಗೀತದ ಪೂರ್ಣ ಪ್ರಮಾಣದ ಕಛೇರಿಗಳು ಮಧ್ಯಮವರ್ಗದ ಮನೆಗಳಿಗೆ ನುಗ್ಗಿದ್ದು ಕ್ಯಾಸೆಟ್ಟಿನ ಮೂಲಕವೇ. ಕೇಳುಗನಿಗೆ ಅದು ಸುಗ್ಗಿಯ ಕಾಲ. ಆದರೆ ಕ್ಯಾಸೆಟ್ ಎಲ್ಲೆಂದರಲ್ಲಿ ಸಿಗುತ್ತಿತ್ತು, ಒಬ್ಬರು ಕೊಂಡರೆ ಹತ್ತು ಮಂದಿ ನಕಲು ಮಾಡಿಕೊಳ್ಳುತ್ತಿದ್ದರು. ಒಳಗಿನ ಅಂಗೈಯಗಲದ ಕಾಗದದಲ್ಲಿ ಟಿಪ್ಪಣಿಗೆ ಜಾಗವಿರಲಿಲ್ಲ.

ಪಶ್ಚಿಮದಲ್ಲಿ ಸುಗ್ಗಿ ತಂದದ್ದು ಸಿ.ಡಿ. 1982ರಲ್ಲಿ ಮಾರುಕಟ್ಟೆಗೆ ಬಂದ ಈ ತಟ್ಟೆಯನ್ನು ಮೊದಲು ಅಪ್ಪಿಕೊಂಡವರಲ್ಲಿ ಶಾಸ್ತ್ರೀಯ ಸಂಗೀತದ ಕೇಳುಗರೇ ಮುಂದಿದ್ದರು. ಕರಕರ ಸದ್ದಿಲ್ಲ, ಸಿಂಫನಿಯ ನಡುವೆ ಎದ್ದು ಮಗ್ಗುಲು ತಿರುಗಿಸುವ ಕೆಲಸವಿಲ್ಲ. ಮನೆಯಲ್ಲಿದ್ದ ಎಲ್‌ಪಿಗಳನ್ನೇ ಜನ ಮತ್ತೊಮ್ಮೆ ಸಿ.ಡಿ. ರೂಪದಲ್ಲಿ ಕೊಂಡರು. 1987ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಹುಟ್ಟಿದ ನ್ಯಾಕ್ಸೋಸ್ ಕಂಪನಿ ಅಗ್ಗದ ಬೆಲೆಗೆ ಇಡೀ ಪಾಶ್ಚಾತ್ಯ ಸಂಗೀತದ ಭಂಡಾರವನ್ನೇ ಮಾರಲು ಹೊರಟಿತು. 1990ರ ಫುಟ್‌ಬಾಲ್ ವಿಶ್ವಕಪ್ಪಿನ ಹೊತ್ತಿಗೆ ನಡೆದ ಮೂವರು ಟೆನರ್ ಗಾಯಕರ ರೋಮ್ ಕಛೇರಿಯ ತಟ್ಟೆ ಫುಟ್‌ಬಾಲ್ ಅಭಿಮಾನಿಗಳ ಮನೆಗೂ ಹೋಯಿತು. ಆ ಲಾಭ ನೋಡಿ ಅಂಗಡಿಗಳು ದೊಡ್ಡದಾದವು. ನ್ಯೂಯಾರ್ಕಿನ ಲಿಂಕನ್ ಸೆಂಟರ್ ಬಳಿಯ ಟವರ್ ರೆಕಾರ್ಡ್ಸ್‌ಗೆ ಸಂಗೀತಗಾರರೂ ಕೇಳುಗರೂ ಕಛೇರಿ ಮುಗಿಸಿಕೊಂಡು ಹೋಗುತ್ತಿದ್ದರು.

ಹಳೆಯದನ್ನು ಹೊಸ ರೂಪದಲ್ಲಿ ಕೊಳ್ಳುವ ಕೆಲಸ ಒಂದು ದಿನ ಮುಗಿಯಲೇಬೇಕು. ಅದು ಮುಗಿಯುವ ಹೊತ್ತಿಗೆ ಡೌನ್‌ಲೋಡ್ ಬಂತು. 2006ರಲ್ಲಿ ಅಮೆರಿಕದ ಟವರ್ ರೆಕಾರ್ಡ್ಸ್ ದಿವಾಳಿಯೆದ್ದಿತು. 2013ರಲ್ಲಿ ಕೋಲ್ಕತ್ತದ ಪಾರ್ಕ್ ಸ್ಟ್ರೀಟಿನ ಮ್ಯೂಸಿಕ್ ವರ್ಲ್ಡ್ ಮುಚ್ಚಿತು. ಎಚ್‌ಎಂವಿಯ ಉತ್ತರಾಧಿಕಾರಿ ಸಾರೆಗಾಮಾ ಯಾವ ಉದ್ಯಮ ಸಮೂಹದ ಕೈಯಲ್ಲಿತ್ತೋ ಅದೇ ಸಮೂಹ ಬೆಳೆಸಿದ ಸರಪಳಿ ಅಂಗಡಿ ಅದು. ಸ್ವಂತ ಧ್ವನಿಭಂಡಾರವಿದ್ದ ಮನೆಯೇ ಅಂಗಡಿ ನಡೆಸಲಾರದೆ ಹೋದ ಮೇಲೆ ಒಂಟಿ ಅಂಗಡಿಗಳ ಪಾಡೇನು? ಲಂಡನ್ನಿನ ಸೋಹೊದಲ್ಲಿ ಕೇಳುಗರ ಮೆಚ್ಚಿನದಾಗಿದ್ದ ಹೆರಾಲ್ಡ್ ಮೂರ್ಸ್ ಕೂಡ 2010ರ ದಶಕದಲ್ಲಿ ಇಲ್ಲವಾಯಿತು.

ಹೆಸರಿಲ್ಲದ ತಬಲಾ

ಈಗ ಫೋನಿನಲ್ಲೇ ಎಲ್ಲ ಸಿಗುವಾಗ ಅಂಗಡಿ ಯಾಕೆ ಎಂದು ಯಾರಾದರೂ ಕೇಳಬಹುದು. ಸಿನಿಮಾ ಹಾಡಿನ ಮಟ್ಟಿಗೆ ಆ ಪ್ರಶ್ನೆ ಸರಿ. ಹಾಡಿನ ಹೆಸರು, ಗಾಯಕನ ಹೆಸರು ಇಷ್ಟಿದ್ದರೆ ಹುಡುಕಾಟ ಮುಗಿಯುತ್ತದೆ. ಸಿಂಫನಿಗೆ ರಚನಕಾರ, ಕೃತಿಸಂಖ್ಯೆ, ನಿರ್ದೇಶಕ, ವಾದ್ಯವೃಂದ ಎಲ್ಲವೂ ಬೇಕು. ಸಾಮಾನ್ಯ ಸಂಗೀತ ಆ್ಯಪ್‌ಗಳು ಇದರಲ್ಲಿ ಎಡವಿದ್ದರಿಂದಲೇ 2015ರಲ್ಲಿ ಬರ್ಲಿನ್ನಿನಲ್ಲಿ ಇದಾಜಿಯೊ ಎಂಬ ಪ್ರತ್ಯೇಕ ಸೇವೆ ಶುರುವಾಯಿತು. ಆ್ಯಪಲ್ ಕಂಪನಿ 2021ರಲ್ಲಿ ಪ್ರೈಮ್‌ಫೋನಿಕ್ ಎಂಬ ಇಂಥದೇ ಸೇವೆಯನ್ನು ಕೊಂಡು, 2023ರಲ್ಲಿ ಶಾಸ್ತ್ರೀಯ ಸಂಗೀತಕ್ಕೆಂದೇ ಬೇರೆ ಆ್ಯಪ್ ತಂದಿತು. ಸೋಹೊದ ಅಂಗಡಿಯವರು ತಲೆಯಲ್ಲಿಟ್ಟುಕೊಂಡಿದ್ದುದನ್ನು ಕಂಪ್ಯೂಟರಿಗೆ ಕಲಿಸಲು ಜಗತ್ತಿನ ಅತಿ ಶ್ರೀಮಂತ ಕಂಪನಿಯೊಂದು ಹಣ ಸುರಿಯಬೇಕಾಯಿತು.

ನಮ್ಮ ಸಂಗೀತಕ್ಕೆ ಅಷ್ಟು ಮುತುವರ್ಜಿ ಇನ್ನೂ ದಕ್ಕಿಲ್ಲ. ಫೋನಿನಲ್ಲಿ ಒಂದು ಖಯಾಲ್ ಹುಡುಕಿ ನೋಡಿ. ರಾಗದ ಹೆಸರು ಒಂದೊಂದು ಕಡೆ ಒಂದೊಂದು ಕಾಗುಣಿತದಲ್ಲಿರುತ್ತದೆ. ತಾಳ ಸಿಕ್ಕರೆ ಅದೃಷ್ಟ. ಧ್ವನಿಮುದ್ರಣದ ವರ್ಷದ ಜಾಗದಲ್ಲಿ ಅದನ್ನು ಆ್ಯಪ್‌ಗೆ ಏರಿಸಿದ ವರ್ಷ ಕಾಣಿಸುತ್ತದೆ. ಪಕ್ಕವಾದ್ಯದವರ ಹೆಸರಂತೂ ಬಹುಪಾಲು ಮಾಯ. ಎಲ್‌ಪಿಯ ಬೆನ್ನಿನಲ್ಲಿ ಅಚ್ಚಾಗಿದ್ದ ತಬಲಾ ವಾದಕ ಅದೇ ಧ್ವನಿಮುದ್ರಣದ ಡಿಜಿಟಲ್ ರೂಪದಲ್ಲಿ ಅನಾಮಿಕನಾಗಿ ಬಿಡುತ್ತಾನೆ. 1930ರ ದಶಕದಲ್ಲಿ ಗಂಗೂಬಾಯಿ ಹಾನಗಲ್ಲರ ಎಚ್‌ಎಂವಿ ತಟ್ಟೆಗಳು ಗಾಂಧಾರಿ ಎಂಬ ಹೆಸರಿನಲ್ಲಿ ಬಂದಿದ್ದವು. ಗಾಂಧಾರಿಯೂ ಗಂಗೂಬಾಯಿಯೂ ಒಬ್ಬರೇ ಎಂದು ಹೇಳಿಕೊಡುವವರು ಇಲ್ಲದಿದ್ದರೆ ಆ ಎಳೆಯ ಕಂಠವನ್ನು ಯಾರು ಯಾವ ಹೆಸರಿನಲ್ಲಿ ಹುಡುಕಬೇಕು? ಮುಂಬೈನ ‘ಸೊಸೈಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್’ ಸಂಗ್ರಾಹಕರು ದಶಕಗಳಿಂದ ಇಂಥ ವಿವರಗಳನ್ನೇ ಕಲೆಹಾಕುತ್ತ ಬಂದಿದ್ದಾರೆ. ಒಂದು ಕಾಲಕ್ಕೆ ಅಂಗಡಿಗಳು ವ್ಯಾಪಾರದ ಜೊತೆಗೇ ಮಾಡುತ್ತಿದ್ದ ಕೆಲಸ ಈಗ ಹವ್ಯಾಸಿಗಳ ಪಾಲಿಗೆ ಬಂದಿದೆ.

ಉಳಿದವರ ಲೆಕ್ಕ

ಉಳಿದ ಅಂಗಡಿಗಳನ್ನು ಸಾಲಾಗಿ ನೋಡಿದರೆ ಕೆಲವು ದಾರಿಗಳು ಸ್ಪಷ್ಟವಾಗಿ ಕಾಣುತ್ತವೆ. ಇಂಗ್ಲೆಂಡಿನ ಲೆಮಿಂಗ್ಟನ್ ಸ್ಪಾ ದೊಡ್ಡ ಊರಲ್ಲ. ಅಲ್ಲಿ 2001ರಲ್ಲಿ ಶುರುವಾದ ಪ್ರೆಸ್ಟೊ ಅಂಗಡಿ ಬೇಗನೇ ಆನ್‌ಲೈನಿಗೆ ಇಳಿದು, ಚಿಕ್ಕ ಊರಿನ ಬಾಡಿಗೆಯಲ್ಲಿ ಇಡೀ ಜಗತ್ತಿಗೆ ಮಾರಾಟ ಮಾಡಿತು. ಕಂಪನಿಗಳು ಕೈಬಿಟ್ಟ ಹಳೆಯ ಸಿ.ಡಿ.ಗಳನ್ನು ಅನುಮತಿ ಪಡೆದು, ಗಿರಾಕಿ ಕೇಳಿದಾಗ ಒಂದೊಂದೇ ಪ್ರತಿ ತಯಾರಿಸಿ ಕೊಡುತ್ತದೆ. ನಿಧಾನಕ್ಕೆ ಖರ್ಚಾಗುವ ಮಾಲನ್ನು ರಾಶಿ ಹಾಕುವ ಹಳೆಯ ತಾಪತ್ರಯಕ್ಕೆ ಇದೊಂದು ನೇರ ಪರಿಹಾರ. ವಿಯೆನ್ನಾದ ಗ್ರಾಬೆನ್ ಬೀದಿಯ ಗ್ರಾಮೊಲಾ 1924ರದು. ಅದು ಮಾರುವುದರ ಜೊತೆ ತನ್ನದೇ ಲೇಬಲ್ಲಿನಲ್ಲಿ ಧ್ವನಿಮುದ್ರಣಗಳನ್ನೂ ಹೊರತರುತ್ತದೆ. ನ್ಯೂಯಾರ್ಕಿನ ಅಕಾಡೆಮಿ ರೆಕಾರ್ಡ್ಸ್ ಬಳಸಿದ ರೆಕಾರ್ಡುಗಳ ವ್ಯಾಪಾರ ಹಿಡಿಯಿತು. ತೀರಿಕೊಂಡ ಸಂಗ್ರಾಹಕರ ಕಪಾಟುಗಳು ಇಂಥ ಅಂಗಡಿಗಳಿಗೆ ಬರುತ್ತವೆ, ಅವುಗಳ ಬೆಲೆ ಕಟ್ಟಲು ಬಲ್ಲವರೇ ಬೇಕು. ಟೋಕಿಯೊದಲ್ಲಿ ಡಿಸ್ಕ್ ಯೂನಿಯನ್ ಬಳಸಿದ ಶಾಸ್ತ್ರೀಯ ರೆಕಾರ್ಡುಗಳಿಗೆಂದೇ ಪ್ರತ್ಯೇಕ ಮಳಿಗೆ ನಡೆಸುತ್ತದೆ.

ಎಲ್‌ಪಿ ಮತ್ತೆ ಬಂತು ಎಂಬ ಸಂಭ್ರಮವನ್ನು ಇದರ ಜೊತೆ ಬೆರೆಸಬಾರದು. 2022ರಲ್ಲಿ ಅಮೆರಿಕದಲ್ಲಿ ಸಿ.ಡಿ.ಗಳಿಗಿಂತ ಎಲ್‌ಪಿಗಳೇ ಹೆಚ್ಚು ಮಾರಾಟವಾದವು, 1987ರ ನಂತರ ಅದೇ ಮೊದಲು. ಆದರೆ ಆ ಅಲೆ ಮುಖ್ಯವಾಗಿ ಪಾಪ್ ಮತ್ತು ರಾಕ್ ಸಂಗೀತದ್ದು. ಮುಂಬೈ, ಬೆಂಗಳೂರುಗಳ ಹೊಸ ವಿನೈಲ್ ಕೆಫೆಗಳಲ್ಲೂ ಮುಂದಿನ ಸಾಲಿನಲ್ಲಿ ಸಿಗುವುದು ಅದೇ. ಮನ್ಸೂರರನ್ನು ಹುಡುಕುವವರು ಹಳೆಯ ಪ್ಲೇಟು ಮಾರುವವರ ಧೂಳಿನ ರಾಶಿಗೇ ಹೋಗಬೇಕು.

ಹಾಗಾದರೆ ನಮ್ಮ ಊರುಗಳಲ್ಲಿ ಈ ಕೆಲಸಕ್ಕೆ ಜಾಗವೆಲ್ಲಿ? ಊರ ನಡುವಿನ ದುಬಾರಿ ಮೂಲೆಯಲ್ಲಂತೂ ಅಲ್ಲ. ಚೆನ್ನೈನಲ್ಲಿ ಡಿಸೆಂಬರ್ ಕಛೇರಿಗಳ ಕಾಲಕ್ಕೆ ಸಂಗೀತ ಸಭೆಗಳ ಅಂಗಳದಲ್ಲೇ ಪುಸ್ತಕ, ಸಿ.ಡಿ. ಮಳಿಗೆಗಳು ತೆರೆದುಕೊಳ್ಳುತ್ತಿದ್ದವು. ಕೇಳುಗರು ಸೇರುವಲ್ಲಿಗೇ ಅಂಗಡಿ ಹೋಗುವ ಆ ಪದ್ಧತಿಗೆ ವರ್ಷವಿಡೀ ಕಟ್ಟುವ ಬಾಡಿಗೆಯಿಲ್ಲ. ಬೆಂಗಳೂರಿನ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಉತ್ಸವಕ್ಕೆ, ಕುಂದಗೋಳದ ಸವಾಯಿ ಗಂಧರ್ವರ ಪುಣ್ಯತಿಥಿಗೆ, ಧಾರವಾಡ–ಹುಬ್ಬಳ್ಳಿಯ ಬೈಠಕ್ಕುಗಳಿಗೆ ಬರುವ ಜನ ಇಂದಿಗೂ ಕಡಿಮೆಯಿಲ್ಲ. ಅಲ್ಲೊಂದು ಮೇಜು, ಒಳ್ಳೆಯ ಎರಡು ಸ್ಪೀಕರು, ಬಳಸಿದ ಎಲ್‌ಪಿ ಮತ್ತು ಸಿ.ಡಿ.ಗಳ ನಾಲ್ಕು ಪೆಟ್ಟಿಗೆ, ಮೇಜಿನ ಹಿಂದೆ ಸಂಗೀತ ಬಲ್ಲ ಒಬ್ಬರು ಇದ್ದರೆ ವ್ಯಾಪಾರ ನಡೆದೀತು. ಅವರ ಸಂಬಳವನ್ನು ನಾಲ್ಕೈದು ಸಭೆಗಳು ಹಂಚಿಕೊಂಡರೆ ಯಾರಿಗೂ ಹೊರೆಯಾಗದು. ಸಭೆಗಳ ಬಳಿ ಇರುವ ಹಳೆಯ ಕಛೇರಿಗಳ ಧ್ವನಿಮುದ್ರಣಗಳಿಗೆ ಕಲಾವಿದರ ಮನೆಯವರ ಒಪ್ಪಿಗೆ ಪಡೆದು, ಪಕ್ಕವಾದ್ಯದವರ ಹೆಸರು ಸಹಿತ ಪ್ರಕಟಿಸಿದರೆ ಮಾರಲು ಸ್ವಂತ ಮಾಲೂ ಆಯಿತು. ಶಾಸ್ತ್ರೀಯ ಸಂಗೀತದ ಗಿರಾಕಿ ಯಾವ ಕಾಲಕ್ಕೂ ಕಡಿಮೆಯೇ. ಆದರೆ ಒಮ್ಮೆ ನಂಬಿದ ಅಂಗಡಿಯನ್ನು ಆತ ಸುಲಭಕ್ಕೆ ಬಿಡುವವನಲ್ಲ. ಗ್ರಾಮೊಲಾ ನೂರು ವರ್ಷ ದಾಟಿದ್ದರಲ್ಲಿ ಅಂಥ ಗಿರಾಕಿಗಳ ಪಾಲೂ ಇರಬೇಕು.