ಬರದ ವರ್ಷ ಜನಪದ ಕಲಾವಿದರಿಗೆ ಎರಡು ಪೆಟ್ಟು

ಕೊಪ್ಪಳ: ಬರ ಬಂದರೆ ಸರ್ಕಾರದ ಮಿತವ್ಯಯದ ಕತ್ತರಿ ಮೊದಲು ಬೀಳುವುದು ಉತ್ಸವಗಳ ಮೇಲೆ. 2018ರ ನವೆಂಬರ್‌ನ ಹಂಪಿ ಉತ್ಸವವನ್ನು ಬರದ ಕಾರಣ ನೀಡಿ ಕೈಬಿಡಲು ಸರ್ಕಾರ ಮುಂದಾದಾಗ ತೀವ್ರ ವಿರೋಧ ವ್ಯಕ್ತವಾಯಿತು; ಕೊನೆಗೆ 2019ರ ಮಾರ್ಚ್‌ನಲ್ಲಿ ಎರಡೇ ದಿನ ನಡೆಯಿತು. ನದಿಯ ಈಚೆಗೆ, ಗಂಗಾವತಿ ತಾಲ್ಲೂಕಿನ ಆನೆಗೊಂದಿ ಉತ್ಸವವೂ ಪ್ರತಿ ವರ್ಷ ತಪ್ಪದೆ ನಡೆದದ್ದಲ್ಲ.

ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾ ಭಾಗದಲ್ಲಿ ಮೇವು, ಕುಡಿಯುವ ನೀರಿಗೆ ಆದ್ಯತೆ ಸಿಗಬೇಕೆಂಬುದು ನಿರ್ವಿವಾದ. ಆದರೆ ಕಡಿತದ ಪೆಟ್ಟು ಎಲ್ಲರಿಗೂ ಸಮನಲ್ಲ. ಉತ್ಸವ ತಪ್ಪಿದರೆ ಸಿನಿಮಾ ಗಾಯಕರಿಗೆ ಬೇರೆ ವೇದಿಕೆಗಳಿವೆ. ಬಯಲಾಟ, ತೊಗಲುಗೊಂಬೆಯಾಟದವರ ಸ್ಥಿತಿ ಹಾಗಲ್ಲ. ಬೆಳೆ ಹೋದ ವರ್ಷ ಊರಿನವರಿಂದ ಬರುವ ಕಾಳುಕಡಿ, ಕಾಣಿಕೆಯೂ ಕುಗ್ಗುತ್ತದೆ, ಸರ್ಕಾರದ ವೇದಿಕೆಯೂ ಅದೇ ವರ್ಷ ಇಲ್ಲವಾಗುತ್ತದೆ. (ಹಿಂದೆ ಮಳೆ ಕೈಕೊಟ್ಟಾಗಲೇ ಗೊಂಬೆಯಾಟ ಆಡಿಸುವ ವಾಡಿಕೆಯಿತ್ತು ಎಂಬುದು ಬೇರೆ ಮಾತು.)

2025ರಲ್ಲಿ ಪದ್ಮಶ್ರೀಗೆ ಆಯ್ಕೆಯಾದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಕೊಪ್ಪಳ ತಾಲ್ಲೂಕಿನ ಮೋರನಾಳದವರು. ಪ್ರಶಸ್ತಿ ಒಬ್ಬರಿಗೆ ಸಲ್ಲುತ್ತದೆ. ಆಟಕ್ಕೆ ಇಡೀ ಕುಟುಂಬವೇ ಬೇಕು. ಸಂಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಸರ್ಕಾರದ ಮಾಸಾಶನವಿದೆ. ಅದು ವಯಸ್ಸಾದ ಮೇಲಿನ ಆಸರೆ. ಇನ್ನೂ ಪರದೆ ಕಟ್ಟುತ್ತಿರುವ ಮೇಳಗಳಿಗೆ ಬೇಕಿರುವುದು ವರ್ಷಕ್ಕೆ ಇಂತಿಷ್ಟು ಆಟ ಎಂಬ ಖಾತ್ರಿ. ಉತ್ಸವದ ಅನುದಾನದೊಂದಿಗೆ ಅದನ್ನು ಗಂಟು ಹಾಕಿರುವವರೆಗೆ ಆ ಖಾತ್ರಿ ಸಿಗದು.