ಕರುಳೂ ಮನಸ್ಸೂ

ಪರರ ಏಳಿಗೆಯನ್ನು ಸಹಿಸದವನಿಗೆ ಹೊಟ್ಟೆಕಿಚ್ಚು ಎನ್ನುತ್ತೇವೆ. ಕಂದನ ಅಳುವನ್ನು ಕೇಳಿದ ತಾಯಿಗೆ ಕರುಳು ಚುರುಕ್ಕೆನ್ನುತ್ತದೆ. ಹೀಗೆ ಕನ್ನಡಿಗರು ಮನಸ್ಸಿನ ಭಾವಗಳಿಗೆ ಹೊಟ್ಟೆಯಲ್ಲಿಯೇ ನೆಲೆಯನ್ನು ಕಲ್ಪಿಸಿದ್ದಾರೆ. ಇದು ಬರಿಯ ಅಲಂಕಾರವಲ್ಲ.

ನರಸಿಂಹರಾಜಪುರ ತಾಲ್ಲೂಕಿನ ಮುತ್ತಿನಕೊಪ್ಪದಲ್ಲಿ ಒಬ್ಬ ಅಡಿಕೆ ಬೆಳೆಗಾರನಿದ್ದಾನೆಂದು ಭಾವಿಸಿರಿ. ತಿಂಗಳುಗಳಿಂದ ಅವನಿಗೆ ಹೊಟ್ಟೆನೋವು. ಕೆಲವು ದಿನ ಭೇದಿ, ಕೆಲವು ದಿನ ಮಲಬದ್ಧತೆ. ಓಮದ ಕಷಾಯವಾಯಿತು, ದಾಳಿಂಬೆ ಸಿಪ್ಪೆಯ ತಂಬುಳಿಯಾಯಿತು. ಶಿವಮೊಗ್ಗೆಯಲ್ಲಿ ರಕ್ತ, ಮಲಗಳ ಪರೀಕ್ಷೆಯೂ ನಡೆಯಿತು. ಹುಣ್ಣಿಲ್ಲ, ಗಡ್ಡೆಯಿಲ್ಲ. "ನಿನಗೆ ಯಾವ ರೋಗವೂ ಇಲ್ಲ, ಎಲ್ಲವೂ ಭ್ರಮೆ" ಎಂದು ನೆಂಟರು ನಕ್ಕರು. ನೆಂಟರ ಮಾತು ಸರಿಯಲ್ಲ. ಇದು ಕೆರಳುವ ಕರುಳಿನ ಬೇನೆ. ವೈದ್ಯರು ಇದನ್ನು ಐ.ಬಿ.ಎಸ್. ಎನ್ನುತ್ತಾರೆ. ಮಲದಲ್ಲಿ ರಕ್ತ, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಇವು ಕಂಡರೆ ಮಾತ್ರ ಬೇರೆ ರೋಗವನ್ನು ಶಂಕಿಸಿ ಕೂಡಲೇ ಪರೀಕ್ಷಿಸಬೇಕಾಗುತ್ತದೆ.

ನೋವಿಗೆ ಕಾರಣವೇನು? ನಮ್ಮ ಅನ್ನಮಾರ್ಗದ ಗೋಡೆಗಳಲ್ಲಿ 10 ಕೋಟಿಗೂ ಹೆಚ್ಚು ನರಕೋಶಗಳಿವೆ. ವೇಗಸ್ ಎಂಬ ನರವು ಕರುಳನ್ನೂ ಮೆದುಳನ್ನೂ ಜೋಡಿಸುತ್ತದೆ. ವಿಚಿತ್ರವೆಂದರೆ, ಅದರ ಎಳೆಗಳಲ್ಲಿ ಬಹುಪಾಲು ಸುದ್ದಿಯನ್ನು ಒಯ್ಯುವುದು ಕೆಳಗಿನಿಂದ ಮೇಲಕ್ಕೆ! 1822ರಲ್ಲಿ ಅಮೆರಿಕದಲ್ಲಿ ಸೇಂಟ್ ಮಾರ್ಟಿನ್ ಎಂಬವನಿಗೆ ಗುಂಡೇಟು ತಗುಲಿ ಹೊಟ್ಟೆಯಲ್ಲಿ ಮುಚ್ಚದ ರಂಧ್ರವೊಂದು ಉಳಿಯಿತು. ಅದರ ಮೂಲಕ ಜಠರವನ್ನು ವರ್ಷಗಟ್ಟಲೆ ಪರಿಶೀಲಿಸಿದ ವೈದ್ಯ ಬೋಮಾಂಟ್, ಕೋಪವು ಜೀರ್ಣಕಾರ್ಯವನ್ನು ಕೆಡಿಸುವುದನ್ನು ಕಣ್ಣಾರೆ ಕಂಡನು. ಇನ್ನು 1973ರಲ್ಲಿ ರಿಚಿ ಎಂಬ ಸಂಶೋಧಕನು ದೊಡ್ಡ ಕರುಳಿನೊಳಗೆ ಚಿಕ್ಕ ಬಲೂನನ್ನು ಊದಿ ನೋಡಿದನು. ಆರೋಗ್ಯವಂತರು ಅಷ್ಟಾಗಿ ಗಣಿಸದ ಹಿಗ್ಗುವಿಕೆಗೆ ಈ ರೋಗಿಗಳಲ್ಲಿ ಅನೇಕರು ನೋವಿನಿಂದ ನರಳಿದರು. ಕರುಳಿನ ಕರೆಗೆ ಇವರ ನರವ್ಯವಸ್ಥೆ ಅತಿಯಾಗಿ ಓಗೊಡುತ್ತದೆ. ಚಿಂತೆ, ದುಃಖಗಳು ಅದನ್ನು ಇನ್ನಷ್ಟು ಹರಿತಗೊಳಿಸುತ್ತವೆ. ಹಾಗೆಂದು ಮನಸ್ಸೊಂದೇ ಅಪರಾಧಿಯಲ್ಲ. ತೀವ್ರವಾದ ವಾಂತಿಭೇದಿಯ ಸೋಂಕಿನ ಬಳಿಕವೂ ಈ ಬೇನೆ ಕೆಲವರಲ್ಲಿ ಆರಂಭವಾಗುತ್ತದೆ.

ಪರೀಕ್ಷೆಯ ಬೆಳಿಗ್ಗೆ ಹೊಟ್ಟೆ ಗುಡುಗುಡು ಎನ್ನುವುದು ನಿಮಗೂ ತಿಳಿದದ್ದೇ. ನಿಮಗೆ ಅದು ಪ್ರಶ್ನೆಪತ್ರಿಕೆ ಕೈಗೆ ಬಂದೊಡನೆ ಮುಗಿಯುತ್ತದೆ. ನಮ್ಮ ಬೆಳೆಗಾರನಿಗೆ ಮುಗಿಯುವುದಿಲ್ಲ. ಬಸ್ಸು ಹತ್ತಿದರೆ ನಡುದಾರಿಯಲ್ಲಿ ಶೌಚಕ್ಕೆ ಅವಸರವಾದೀತೆಂಬ ಭಯ. ಆ ಭಯದಿಂದಲೇ ಅವಸರ. ಅಡಿಕೆ ಮಂಡಿಗೆ ಹೋಗುವುದನ್ನು ಬಿಟ್ಟನು, ಮದುವೆಯ ಊಟವನ್ನು ಬಿಟ್ಟನು. ಈ ರೋಗ ಪ್ರಾಣವನ್ನು ತೆಗೆಯುವುದಿಲ್ಲ, ಆದರೆ ಬದುಕನ್ನು ಅಂಗಳದಷ್ಟಕ್ಕೆ ಕಿರಿದುಗೊಳಿಸುತ್ತದೆ. ಸಂಕೋಚದಿಂದ ಯಾರೊಡನೆಯೂ ಹೇಳಿಕೊಳ್ಳಲಾಗದಿರುವುದು, ನನ್ನ ಅಭಿಪ್ರಾಯದಲ್ಲಿ, ಹೊಟ್ಟೆನೋವಿಗಿಂತ ದೊಡ್ಡ ಯಾತನೆ.

ಆದುದರಿಂದ ಚಿಕಿತ್ಸೆಯೂ ಎರಡು ಕಡೆಯಿಂದ ನಡೆಯಬೇಕಾಗುತ್ತದೆ. ಆಹಾರದಲ್ಲಿ ಬದಲಾವಣೆ, ಇಸಬ್‌ಗೋಲ್, ಔಷಧಿಗಳು ಒಂದು ಕಡೆ. ಮನಸ್ಸಿಗೆ ಆಪ್ತಸಲಹೆ ಇನ್ನೊಂದು ಕಡೆ. ಮನಸ್ಸಿನ ವ್ಯಾಪಾರಗಳನ್ನು ಕುರಿತು ಕನ್ನಡದಲ್ಲಿ ಬರೆಯುವ ವೈದ್ಯರಿಗೂ ಕೊರತೆಯಿಲ್ಲ. 'ಕೊರವಂಜಿ'ಯ ರಾಶಿಯವರು, ಅಂದರೆ ಡಾ. ಎಂ. ಶಿವರಾಂ ಅವರು, ಬರೆದ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಮನಸ್ಸಿನ ಚಿಕಿತ್ಸೆಯಿಂದ ಕರುಳು ಗುಣವಾದೀತೇ ಎಂದು ನೀವು ಕೇಳಬಹುದು. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ವೋರ್ವೆಲ್ ಮತ್ತು ಸಂಗಡಿಗರು ಯಾವ ಔಷಧಿಗೂ ಬಗ್ಗದ 30 ಮಂದಿ ರೋಗಿಗಳನ್ನು ಆರಿಸಿಕೊಂಡು, ಅವರಲ್ಲಿ ಅರ್ಧದಷ್ಟು ಜನರಿಗೆ ಸಮ್ಮೋಹನ ಚಿಕಿತ್ಸೆಯನ್ನು ಕೊಟ್ಟರು. 1984ರಲ್ಲಿ ಪ್ರಕಟವಾದ ಅವರ ವರದಿಯಂತೆ, ಆ ರೋಗಿಗಳ ಹೊಟ್ಟೆನೋವು, ಉಬ್ಬರಗಳು ಉಳಿದವರಿಗಿಂತ ಬಹಳವಾಗಿ ತಗ್ಗಿದ್ದವು.