ಕನ್ನಡಿಗರಿಗೆ ಹೀಬ್ರೂ ವಾಕ್ಯರಚನೆ: ತಪ್ಪು ಕಲ್ಪನೆ ಮತ್ತು ಸತ್ಯ

ಕರ್ನಾಟಕಕ್ಕೂ ಹೀಬ್ರೂ ಭಾಷೆಗೂ ಇರುವ ನಂಟು ಹೊಸದಲ್ಲ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕೈಗೊಂಡ ಬೈಬಲ್ ಅನುವಾದದ ಮೂಲಕ, ಬಹುಪಾಲು ಹೀಬ್ರೂವಿನಲ್ಲೇ ರಚಿತವಾದ ಹಳೆಯ ಒಡಂಬಡಿಕೆಯು 19ನೆಯ ಶತಮಾನದ ಪೂರ್ವಾರ್ಧದಲ್ಲಿಯೇ ಕನ್ನಡಕ್ಕೆ ಬಂದಿತು. 1910ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಂತಹ ದೈವಶಾಸ್ತ್ರ ವಿದ್ಯಾಲಯಗಳಲ್ಲಿ ಹೀಬ್ರೂ ಇಂದಿಗೂ ಅಧ್ಯಯನದ ವಿಷಯವಾಗಿದೆ. ಆದರೆ ಹೀಬ್ರೂ ಕಲಿಕೆಯ ಪುಸ್ತಕಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿರುವುದರಿಂದ, ಕನ್ನಡಿಗರಿಗೆ ಸಹಜವಾಗಿರಬೇಕಾದ ನಿಯಮಗಳೂ ವಿಚಿತ್ರವೆಂಬಂತೆ ಕಾಣುತ್ತವೆ. ನೆಲಮಂಗಲದ ಕನ್ನಡ ಶಾಲೆಯೊಂದರಲ್ಲಿ ಲಿಂಗ, ವಚನ, ವಿಭಕ್ತಿಗಳನ್ನು ಕಲಿತವರ ಬಳಿ ಈ ನಿಯಮಗಳಲ್ಲಿ ಹಲವನ್ನು ಅರಿಯುವ ಸಾಧನ ಆಗಲೇ ಇರುತ್ತದೆ. ಇಲ್ಲಿನ ಉದಾಹರಣೆಗಳು ಆಧುನಿಕ ಹೀಬ್ರೂವಿನವು. ಅವುಗಳಲ್ಲಿ ‘ಖ’ ಎಂದು ಬರೆದಿರುವುದು ಗಂಟಲಿನಿಂದ ಉಜ್ಜಿ ಹೊರಡುವ ಧ್ವನಿ.

ತಪ್ಪು ಕಲ್ಪನೆ: ಬಲದಿಂದ ಎಡಕ್ಕೆ ಬರೆಯುವ ಭಾಷೆಯಾದ್ದರಿಂದ ಹೀಬ್ರೂವಿನ ಪದಕ್ರಮವೂ ತಿರುವುಮುರುವು.

ಸತ್ಯ: ಲಿಪಿಯ ದಿಕ್ಕು ಬರವಣಿಗೆಗೆ ಸೇರಿದ್ದು, ಪದಕ್ರಮ ವಾಕ್ಯಕ್ಕೆ ಸೇರಿದ್ದು, ಒಂದು ಮತ್ತೊಂದನ್ನು ನಿರ್ಧರಿಸುವುದಿಲ್ಲ. ಕನ್ನಡದಲ್ಲಿ ಕರ್ತೃ, ಕರ್ಮ, ಕ್ರಿಯಾಪದ ಎಂಬ ಕ್ರಮವಿದ್ದರೆ, ಆಧುನಿಕ ಹೀಬ್ರೂವಿನಲ್ಲಿ ಸಾಮಾನ್ಯವಾಗಿ ಕರ್ತೃವಿನ ನಂತರ ಕ್ರಿಯಾಪದ, ಆಮೇಲೆ ಕರ್ಮ ಬರುತ್ತದೆ: ‘ರಾಖೆಲ್ ಕತ್ವಾ ಮಿಖ್ತಾವ್’, ಅಂದರೆ ‘ರಾಹೇಲಳು ಪತ್ರ ಬರೆದಳು’. ಬೈಬಲಿನ ಕಥನ ಗದ್ಯದಲ್ಲಿ ಕ್ರಿಯಾಪದವೇ ಮೊದಲು ಬರುವುದು ವಾಡಿಕೆಯಾದ್ದರಿಂದ, ಧರ್ಮಗ್ರಂಥವನ್ನು ಓದಲೆಂದು ಕಲಿಯುವವರೂ ಮಾತನಾಡಲೆಂದು ಕಲಿಯುವವರೂ ಈ ವ್ಯತ್ಯಾಸವನ್ನು ಆರಂಭದಲ್ಲೇ ಗಮನಿಸಬೇಕಾಗುತ್ತದೆ.

ತಪ್ಪು ಕಲ್ಪನೆ: ಕ್ರಿಯಾಪದವಿಲ್ಲದ ಹೀಬ್ರೂ ವಾಕ್ಯ ಅಪೂರ್ಣ.

ಸತ್ಯ: ಇದು ಇಂಗ್ಲಿಷಿನ ಮೂಲಕ ಕಲಿಯುವವರಿಗೆ ಹುಟ್ಟುವ ಸಂಶಯ. ‘ನಾನು ವಿದ್ಯಾರ್ಥಿ’ ಎಂಬ ಕನ್ನಡ ವಾಕ್ಯದಲ್ಲಿ ಹೇಗೆ ಕ್ರಿಯಾಪದವಿಲ್ಲವೋ ಹಾಗೆಯೇ ‘ಅನಿ ತಲ್ಮಿದ್’ ಎಂಬ ಹೀಬ್ರೂ ವಾಕ್ಯದಲ್ಲಿಯೂ ಇಲ್ಲ. ‘ಅನಿ ಹಾಯಿತಿ ತಲ್ಮಿದ್’ ಎಂದು ಭೂತಕಾಲಕ್ಕೆ ಹೋದಾಗ, ‘ವಿದ್ಯಾರ್ಥಿಯಾಗಿದ್ದೆ’ ಎಂಬಲ್ಲಿರುವಂತೆ, ಕ್ರಿಯಾಪದ ಕಾಣಿಸಿಕೊಳ್ಳುತ್ತದೆ. ನಿಜವಾಗಿ ಎಚ್ಚರ ಬೇಕಾಗುವುದು ನಾಮಪದಕ್ಕೆ ವಿಶೇಷಣ ಸೇರುವಲ್ಲಿ. ಹೀಬ್ರೂವಿನಲ್ಲಿ ವಿಶೇಷಣ ನಾಮಪದದ ನಂತರ ಬರುತ್ತದೆ, ಮತ್ತು ಗೊತ್ತಿರುವ ನಿರ್ದಿಷ್ಟ ವಸ್ತುವನ್ನು ಸೂಚಿಸಲು ಪದದ ಹಿಂದೆ ‘ಹ’ ಎಂಬ ಪೂರ್ವಪ್ರತ್ಯಯ ಸೇರುತ್ತದೆ. ಆದ್ದರಿಂದ ‘ಬಯಿತ್ ಗದೋಲ್’ ಎಂದರೆ ‘ಒಂದು ದೊಡ್ಡ ಮನೆ’, ‘ಹ-ಬಯಿತ್ ಹ-ಗದೋಲ್’ ಎಂದರೆ ‘ಆ ದೊಡ್ಡ ಮನೆ’, ಆದರೆ ನಾಮಪದಕ್ಕೆ ಮಾತ್ರ ಪ್ರತ್ಯಯ ಸೇರಿದ ‘ಹ-ಬಯಿತ್ ಗದೋಲ್’ ಎಂದರೆ ‘ಮನೆ ದೊಡ್ಡದು’ ಎಂಬ ಪೂರ್ಣ ವಾಕ್ಯ.

ತಪ್ಪು ಕಲ್ಪನೆ: ‘ಹೊಂದಿರು’ ಎಂಬ ಕ್ರಿಯಾಪದವಿಲ್ಲದಿರುವುದು ಹೀಬ್ರೂವಿನ ಕೊರತೆ.

ಸತ್ಯ: ‘ನನಗೆ ಒಬ್ಬ ತಮ್ಮನಿದ್ದಾನೆ’ ಎಂದು ಚತುರ್ಥೀ ವಿಭಕ್ತಿಯಲ್ಲಿ ಮಾತನಾಡುವ ಕನ್ನಡಿಗರಿಗೆ ಇದು ಕೊರತೆಯೆನಿಸಬೇಕಾಗಿಲ್ಲ. ಹೀಬ್ರೂವಿನಲ್ಲಿ ಇದೇ ಮಾತು ‘ಯೆಶ್ ಲಿ ಅಖ್’ ಎಂದಾಗುತ್ತದೆ. ಇಲ್ಲಿ ‘ಯೆಶ್’ ಎಂದರೆ ‘ಇದೆ’, ‘ಲಿ’ ಎಂದರೆ ‘ನನಗೆ’, ‘ಅಖ್’ ಎಂದರೆ ಸಹೋದರ. ಕನ್ನಡದಲ್ಲಿ ಇದ್ದಾನೆ, ಇದ್ದಾಳೆ, ಇವೆ ಎಂದು ರೂಪ ಬದಲಾದರೆ ‘ಯೆಶ್’ ಬದಲಾಗುವುದಿಲ್ಲ; ‘ಇಲ್ಲ’ ಎನ್ನಲು ಅದರ ಸ್ಥಾನದಲ್ಲಿ ‘ಎಯ್ನ್’ ಬರುತ್ತದೆ.

ತಪ್ಪು ಕಲ್ಪನೆ: ಕರ್ಮದ ಹಿಂದೆ ಬರುವ ‘ಎತ್’ ಕನ್ನಡದ ‘ಅನ್ನು’ ಪ್ರತ್ಯಯಕ್ಕೆ ಸಮಾನ.

ಸತ್ಯ: ಎರಡರ ಕೆಲಸ ಹತ್ತಿರದ್ದಾದರೂ ನಿಯಮ ಬೇರೆ. ಕನ್ನಡದಲ್ಲಿ ಕರ್ಮವು ಮನುಷ್ಯನಾಗಿದ್ದರೆ, ಅವನು ಯಾರೆಂದು ಗೊತ್ತಿಲ್ಲದಿದ್ದರೂ, ‘ಒಬ್ಬ ಹುಡುಗನನ್ನು ನೋಡಿದೆ’ ಎಂದೇ ಹೇಳಬೇಕು. ಹೀಬ್ರೂವಿನಲ್ಲಾದರೋ ಕರ್ಮವು ನಿರ್ದಿಷ್ಟವಾಗಿದ್ದಾಗ ಮಾತ್ರ ‘ಎತ್’ ಬರುವುದರಿಂದ ಅದು ‘ರಾಇತಿ ಯೆಲೆದ್’ ಎಂದಷ್ಟೇ ಆಗುತ್ತದೆ. ಅಂಕಿತನಾಮಗಳು ತಾವಾಗಿಯೇ ನಿರ್ದಿಷ್ಟವಾದ್ದರಿಂದ ‘ನೆಲಮಂಗಲವನ್ನು ನೋಡಿದೆ’ ಎನ್ನಲು ‘ರಾಇತಿ ಎತ್ ನೆಲಮಂಗಲ’ ಎನ್ನಬೇಕು. ಉಳಿದ ವಿಭಕ್ತಿಗಳ ಅರ್ಥವನ್ನು ಕನ್ನಡ ಪದದ ಕೊನೆಯಲ್ಲಿ ಸೂಚಿಸಿದರೆ ಹೀಬ್ರೂ ಹಲವು ವೇಳೆ ಪದದ ಆರಂಭದಲ್ಲಿಯೇ ಅಂಟಿಸುತ್ತದೆ: ‘ಬೆ-ನೆಲಮಂಗಲ’ ಎಂದರೆ ನೆಲಮಂಗಲದಲ್ಲಿ, ‘ಲೆ-ನೆಲಮಂಗಲ’ ಎಂದರೆ ನೆಲಮಂಗಲಕ್ಕೆ, ‘ಮಿ-ನೆಲಮಂಗಲ’ ಎಂದರೆ ನೆಲಮಂಗಲದಿಂದ.

ತಪ್ಪು ಕಲ್ಪನೆ: ಕನ್ನಡದ ಲಿಂಗವಿವಕ್ಷೆ ತಿಳಿದಿದ್ದರೆ ಹೀಬ್ರೂವಿನದೂ ತಿಳಿದಂತೆಯೇ.

ಸತ್ಯ: ಕನ್ನಡಿಗರು ನಿಜವಾಗಿ ಎಡವುವುದು ಇಲ್ಲಿಯೇ. ಕನ್ನಡದಲ್ಲಿ ಲಿಂಗವು ಅರ್ಥವನ್ನು ಅವಲಂಬಿಸಿದ್ದು, ಜಡವಸ್ತುಗಳೆಲ್ಲ ನಪುಂಸಕಲಿಂಗಕ್ಕೆ ಸೇರುತ್ತವೆ. ಹೀಬ್ರೂವಿನಲ್ಲಿ ನಪುಂಸಕಲಿಂಗವೇ ಇಲ್ಲದ್ದರಿಂದ ಮೇಜು (‘ಶುಲ್ಖಾನ್’) ಪುಲ್ಲಿಂಗವಾದರೆ ಬಾಗಿಲು (‘ದೆಲೆತ್’) ಸ್ತ್ರೀಲಿಂಗ. ಪಟ್ಟಣ ಎಂಬ ಅರ್ಥದ ‘ಈರ್’ ಸ್ತ್ರೀಲಿಂಗವಾದ್ದರಿಂದ ಊರುಗಳ ಹೆಸರುಗಳೂ ಸ್ತ್ರೀಲಿಂಗವಾಗಿ, ‘ನೆಲಮಂಗಲ ದೊಡ್ಡದು’ ಎಂಬುದು ‘ನೆಲಮಂಗಲ ಗ್ದೋಲಾ’ ಆಗುತ್ತದೆಯೇ ಹೊರತು ‘ಗದೋಲ್’ ಆಗುವುದಿಲ್ಲ. ಕನ್ನಡದ ‘ನೀನು’ ಗಂಡಸಿಗೂ ಹೆಂಗಸಿಗೂ ಒಂದೇ. ಹೀಬ್ರೂವಿನಲ್ಲಿ ಗಂಡಸಿಗೆ ‘ಅತಾ’, ಹೆಂಗಸಿಗೆ ‘ಅತ್’. ‘ನಾನು ಬರೆಯುತ್ತೇನೆ’ ಎಂಬುದನ್ನು ಸಹ ಗಂಡಸು ‘ಅನಿ ಕೋತೆವ್’ ಎಂದೂ ಹೆಂಗಸು ‘ಅನಿ ಕೋತೆವೆತ್’ ಎಂದೂ ಹೇಳಬೇಕಾಗುತ್ತದೆ.

ಹೀಬ್ರೂ ಸೆಮಿಟಿಕ್ ಕುಟುಂಬದ ಭಾಷೆ, ಕನ್ನಡ ದ್ರಾವಿಡ ಕುಟುಂಬದ ಭಾಷೆ. ಇವೆರಡರ ನಡುವೆ ಕಾಣುವ ಹೋಲಿಕೆಗಳನ್ನು ರಕ್ತಸಂಬಂಧದ ಪುರಾವೆಯೆಂದು ಭಾವಿಸುವುದೂ ಮತ್ತೊಂದು ತಪ್ಪು ಕಲ್ಪನೆಯೇ ಆಗುತ್ತದೆ. ಆದರೂ ಕ್ರಿಯಾಪದವಿಲ್ಲದ ವಾಕ್ಯವನ್ನೂ ‘ನನಗೆ ಇದೆ’ ಎಂಬ ರಚನೆಯನ್ನೂ ಕನ್ನಡದ ಮೂಲಕವೇ ಗ್ರಹಿಸಿ, ಲಿಂಗ, ‘ಎತ್’ ಮತ್ತು ಪದಕ್ರಮಗಳನ್ನು ಪ್ರತ್ಯೇಕವಾಗಿ ಅಭ್ಯಾಸ ಮಾಡುವುದು ಆರಂಭಿಕ ಕನ್ನಡಿಗ ಕಲಿಕಾರ್ಥಿಗೆ ಸರಿಯಾದ ದಾರಿ.